ಗುಂಡಿ ಮಾರುವವನು, ಮೆಣಸು ಮಾರುವವನು

ಫ್ರೆಂಚ್ ಕಲಿಸುವ ಮೊದಲ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅಂಗಡಿಗಳ ಪಾಠವೊಂದು ಇರುತ್ತದೆ. ಎಡಕ್ಕೆ ಫ್ರೆಂಚ್ ಪದ, ಬಲಕ್ಕೆ ಇಂಗ್ಲಿಷ್ ಅರ್ಥ. ಎಪಿಸ್ಯೆ ಎಂದರೆ ಗ್ರೋಸರ್. ಮೆರ್ಸ್ಯೆ ಎಂದರೆ ಹ್ಯಾಬರ್‌ಡ್ಯಾಶರ್, ಅಂದರೆ ಸೂಜಿ, ದಾರ, ಗುಂಡಿ, ರಿಬ್ಬನ್ ಮಾರುವವನು. ಪರೀಕ್ಷೆಗೆ ಇಷ್ಟು ಸಾಕು. ಆದರೆ 18ನೇ ಶತಮಾನದ ಪ್ಯಾರಿಸ್ಸಿನ ಮೆರ್ಸ್ಯೆಗೆ ಈ ಅರ್ಥ ಓದಿ ಹೇಳಿದ್ದರೆ ಆತ ನಮ್ಮನ್ನು ಅಂಗಡಿಯ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ.

ಲ್ಯಾಟಿನ್ನಿನಲ್ಲಿ ಮೆರ್ಕ್ಸ್ ಎಂದರೆ ಸರಕು. ಮೆರ್ಸ್ಯೆ ಬಂದದ್ದು ಅಲ್ಲಿಂದ. ಯಾವ ಸರಕು ಎಂದು ಆ ಪದ ಹೇಳುವುದಿಲ್ಲ, ಅದೇ ಅದರ ಬಲ. ಪ್ಯಾರಿಸ್ಸಿನ ವ್ಯಾಪಾರಿ ಸಂಘಗಳಲ್ಲಿ ಆರಕ್ಕೆ ಎಲ್ಲಕ್ಕಿಂತ ಹೆಚ್ಚಿನ ಮಾನವಿತ್ತು, ಮೆರ್ಸ್ಯೆಗಳದ್ದು ಅವುಗಳಲ್ಲೊಂದು. ಉಳಿದವರಿಗೆ ತಮ್ಮ ತಮ್ಮ ಕಸುಬಿನ ಗಡಿ. ಮೆರ್ಸ್ಯೆ ಮಾತ್ರ ಬೇರೆಯವರು ಮಾಡಿದ್ದನ್ನೆಲ್ಲ ಮಾರಬಹುದಿತ್ತು, ತಾನು ಏನನ್ನೂ ಮಾಡುವಂತಿರಲಿಲ್ಲ. ಎಲ್ಲ ಮಾರುವವರು, ಏನೂ ಮಾಡದವರು ಎಂದು ಜನ ಅವರನ್ನು ಆಡಿಕೊಳ್ಳುತ್ತಿದ್ದರು.

ಈ ಕಟ್ಟಳೆಯಲ್ಲಿ ಒಂದು ಸಣ್ಣ ಕಿಂಡಿಯಿತ್ತು: ಸರಕನ್ನು 'ಆಂಜೊಲಿವೆ' ಮಾಡಬಹುದು, ಅಂದರೆ ಚೆಂದಗೊಳಿಸಬಹುದು. ಆ ಕಿಂಡಿಯಲ್ಲಿ ಇಡೀ ಒಂದು ಕಲೆಯೇ ನುಸುಳಿತು. ಚೀನಾದ ಪಿಂಗಾಣಿ ಹೂಜಿ ತರಿಸುವುದು, ಅದಕ್ಕೆ ಬೇರೊಬ್ಬನಿಂದ ಚಿನ್ನದ ಲೇಪದ ಕಂಚಿನ ಹಿಡಿ, ಪೀಠ ಕೂಡಿಸುವುದು. ಜಪಾನಿನ ಅರಗಿನ ಹಲಗೆ ಬಿಚ್ಚಿಸಿ ಫ್ರೆಂಚ್ ಬೀರುವಿಗೆ ಹಚ್ಚಿಸುವುದು. ಲಾಝಾರ್ ದ್ಯುವೋ ಎಂಬ ಮೆರ್ಸ್ಯೆಯ 1748ರಿಂದ 1758ರವರೆಗಿನ ಲೆಕ್ಕದ ಪುಸ್ತಕ ಉಳಿದುಬಂದಿದೆ. ರಾಜನ ಪ್ರೇಯಸಿ ಮದಾಂ ದ ಪಾಂಪಡೂರ್ ಅವನ ದೊಡ್ಡ ಗಿರಾಕಿ. ಜೆರ್ಸಾಂ ಎಂಬ ಇನ್ನೊಬ್ಬ ಮೆರ್ಸ್ಯೆಗೆ ಅಂಗಡಿಯ ಬೋರ್ಡು ಬರೆದುಕೊಟ್ಟವನು ಚಿತ್ರಕಾರ ವಾತೋ. 1720ರ ಹೊತ್ತಿನ ಆ ಬೋರ್ಡು ಈಗ ಬರ್ಲಿನ್ನಿನ ಅರಮನೆಯಲ್ಲಿದೆ.

1791ರಲ್ಲಿ ಕ್ರಾಂತಿ ಈ ಸಂಘಗಳನ್ನು ರದ್ದು ಮಾಡಿತು. ಮುಂದಿನ ಶತಮಾನದಲ್ಲಿ ಬೋ ಮಾರ್ಶೆಯಂಥ ದೊಡ್ಡ ಮಳಿಗೆಗಳು ಎಲ್ಲವನ್ನೂ ಒಂದೇ ಸೂರಿನಡಿ ಮಾರತೊಡಗಿದವು. ಮೆರ್ಸ್ಯೆಯ ಪಾಲಿಗೆ ಉಳಿದದ್ದು ಗುಂಡಿ, ದಾರ. ವಿಚಿತ್ರವೆಂದರೆ, ಇದೇ ಪದ ಇಂಗ್ಲಿಷಿಗೆ ಹೋಗಿ 'ಮರ್ಸರ್' ಆದಾಗ ರೇಷ್ಮೆಯಂಥ ಬೆಲೆಬಾಳುವ ಬಟ್ಟೆಯ ವ್ಯಾಪಾರಿಯಾಯಿತು.

ಎಪಿಸ್ಯೆಯ ಕಥೆ ಚಿಕ್ಕದು. ಎಪಿಸ್ ಎಂದರೆ ಮಸಾಲೆ. ಮೆಣಸು, ಶುಂಠಿ, ಲವಂಗ ಔಷಧಿಯೂ ಆಗಿದ್ದ ಕಾಲದಲ್ಲಿ ಔಷಧಿ ಮಾರುವವರೂ ಇವರೂ ಒಂದೇ ಸಂಘದವರು. ರಾಜಾಜ್ಞೆ ಅವರನ್ನು ಬೇರ್ಪಡಿಸಿದ್ದು 1777ರಲ್ಲಿ. ನಮ್ಮ ಗ್ರಂಧಿಗೆ ಅಂಗಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ಗ್ರೋಸರ್‌ನಲ್ಲಿ ಈ ಘಮವಿಲ್ಲ. ಅದು 'ಗ್ರೋಸ್', ಅಂದರೆ ಸಗಟು ಮಾರಾಟದಿಂದ ಹುಟ್ಟಿದ ಪದ. 19ನೇ ಶತಮಾನದ ಹೊತ್ತಿಗೆ ಫ್ರೆಂಚ್ ಸಾಹಿತಿ, ಕಲಾವಿದರ ಬಾಯಲ್ಲಿ ಎಪಿಸ್ಯೆ ಒಂದು ಬೈಗುಳ: ರುಚಿಯಿಲ್ಲದ, ಕಾಸಿಗೆ ಕಾಸು ಎಣಿಸುವ ಮನುಷ್ಯ. ನಾವು 'ಚಿಲ್ಲರೆ ಬುದ್ಧಿ' ಅನ್ನುವುದಿಲ್ಲವೇ, ಹಾಗೆ. ಬೈದವರಿಗೂ ಮೇಣದಬತ್ತಿ, ಕಾಫಿಪುಡಿ ಬರಬೇಕಿದ್ದದ್ದು ಅವನ ಅಂಗಡಿಯಿಂದಲೇ.

ಈಗ ಪ್ಯಾರಿಸ್ಸಿನಲ್ಲಿ ರಾತ್ರಿ ಹೊತ್ತು ಮೀರಿಯೂ ತೆರೆದಿರುವ ಸಣ್ಣ ಕಿರಾಣಿ ಅಂಗಡಿಗೆ ಆಡುಮಾತಿನಲ್ಲಿ 'ಮೂಲೆಯ ಅರಬ' ಎಂಬ ಹೆಸರಿದೆ. ಅಂಗಡಿಯವರಲ್ಲಿ ಅನೇಕರು ಮೊರಾಕ್ಕೊದ ಸೂಸ್ ಪ್ರದೇಶದ ಬರ್ಬರರು. ಅವರ ಮನೆಮಾತು ಅರಬ್ಬಿಯಲ್ಲ. ಮುಂಬೈಯಲ್ಲಿ 'ಮದ್ರಾಸಿ' ಅನ್ನಿಸಿಕೊಂಡ ಕನ್ನಡಿಗರಿಗೆ ಇದೂ ಗೊತ್ತಿರುವ ಕಥೆಯೇ. ಇತ್ತ ಎಪಿಸ್ರಿ ಎಂಬ ಹಳೆಯ ಪದ 'ಫೀನ್' ಎಂಬ ವಿಶೇಷಣ ಅಂಟಿಸಿಕೊಂಡು, ದುಬಾರಿ ಎಣ್ಣೆ, ಸಾಸಿವೆ, ಕೇಸರಿ ಮಾರುವ ಅಂಗಡಿಗಳ ಬೋರ್ಡಿನ ಮೇಲೆ ಕುಳಿತಿದೆ.