ನಿಪ್ಪಾಣಿಯ ದೇಸಾಯಿ ಹಿಡಿದ ಪಕ್ಷಗಳು

ಅಮೆರಿಕದ ಯುದ್ಧಕ್ಕಾಗಿ ಪ್ರಧಾನಿ ಲಾರ್ಡ್ ನಾರ್ತನನ್ನು ವರ್ಷಗಟ್ಟಲೆ ಹಳಿದ ಚಾರ್ಲ್ಸ್ ಫಾಕ್ಸನು 1783ರಲ್ಲಿ ಅದೇ ನಾರ್ತನೊಡನೆ ಕೂಡಿ ಮಂತ್ರಿಮಂಡಲ ಕಟ್ಟಿದನು. ಇಂಗ್ಲೆಂಡಿನ ಜನ ಬೆರಗಾದರು. ಅಲ್ಲಿ ಪಕ್ಷ ಬದಲಿಸಿದವನಿಗೆ ಹೋದರೆ ಅಧಿಕಾರ ಹೋಗುತ್ತಿತ್ತು. ಅದೇ ಕಾಲಕ್ಕೆ ನಮ್ಮ ಕೃಷ್ಣಾತೀರದಲ್ಲಿ ವತನ, ಕೋಟೆ, ಕೆಲವೊಮ್ಮೆ ತಲೆಯೇ ಪಣಕ್ಕಿರುತ್ತಿತ್ತು.

ಅಂಕಲಿ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಈ ಸೀಮೆ ಸಾತಾರೆ, ಕೊಲ್ಹಾಪುರಗಳೆಂಬ ಎರಡು ಮರಾಠಾ ಗಾದಿಗಳ ನಡುವೆ ಸಿಕ್ಕಿಕೊಂಡಿತ್ತು. 1731ರ ವಾರಣಾ ಒಪ್ಪಂದ ಎಲ್ಲೆ ಗೊತ್ತುಮಾಡಿತು. ಅಥಣಿ ಸಾತಾರೆಯ ಪಾಲಾಯಿತು. ಆದರೆ ಎಲ್ಲೆಯ ಮೇಲಿನ ದೇಸಾಯಿಗೆ ಎರಡೂ ಕಡೆಯಿಂದ ಕರೆ ತಪ್ಪಲಿಲ್ಲ. ಯಾರ ದಂಡು ಹತ್ತಿರವೋ ಅವರ ಕಡೆ ವಾಲುವುದೇ ಬದುಕುವ ದಾರಿಯಾಯಿತು.

ಈ ವಿದ್ಯೆಯಲ್ಲಿ ನುರಿತವನು ನಿಪ್ಪಾಣಿಯ ಸಿದ್ದೋಜಿರಾವ ನಿಂಬಾಳಕರ. ಜನ ಅವನನ್ನು ಅಪ್ಪಾ ದೇಸಾಯಿ ಎನ್ನುತ್ತಿದ್ದರು. ಮೊದಲು ಶಿಂದೆಯ ಚಾಕರಿಯಲ್ಲಿದ್ದವನು 1803ರಲ್ಲಿ ಪೇಶವೆಯ ಸರದಾರನಾಗಿ, ಇಂಗ್ಲೀಷ್ ಸೇನಾಪತಿ ವೆಲ್ಲೆಸ್ಲಿಯ ಜೊತೆಗೆ ಅದೇ ಶಿಂದೆಯ ಮೇಲೆ ಏರಿಹೋದನು. ಮುಂದೆ ಕೊಲ್ಹಾಪುರದಿಂದ ಚಿಕ್ಕೋಡಿ, ಮುನವಳ್ಳಿ ಪರಗಣೆಗಳನ್ನು ಕಿತ್ತುಕೊಂಡನು. 1812ರಲ್ಲಿ ಇಂಗ್ಲೀಷರು ನಡುವೆ ನಿಂತು ಮಾಡಿಸಿದ ಒಪ್ಪಂದದಂತೆ ಕೊಲ್ಹಾಪುರದ ಅರಸನು ಅವುಗಳ ಹಕ್ಕು ಬಿಟ್ಟುಕೊಡಬೇಕಾಯಿತು.

1817ರಲ್ಲಿ ಪೇಶವೆಗೂ ಇಂಗ್ಲೀಷರಿಗೂ ಯುದ್ಧ ಹತ್ತಿತು. ಕೊಲ್ಹಾಪುರ ತಡಮಾಡದೆ ಇಂಗ್ಲೀಷರ ಪಕ್ಷ ಹಿಡಿಯಿತು. ದೇಸಾಯಿ ಪೇಶವೆಯ ದಂಡಿನಲ್ಲಿದ್ದರೂ ಮನಸ್ಸಿಟ್ಟು ಕಾದಲಿಲ್ಲ. ಇಂಗ್ಲೀಷರಿಗೆ ಬೇಗ ಶರಣಾಗಲೂ ಇಲ್ಲ. ಈ ತೂಗಾಟ ಅವನಿಗೆ ಮುಳುವಾಯಿತು. ನಿಪ್ಪಾಣಿ ಅವನಿಗೇ ಉಳಿಯಿತು. ಚಿಕ್ಕೋಡಿ, ಮುನವಳ್ಳಿಗಳು ಮಾತ್ರ ಕೊಲ್ಹಾಪುರಕ್ಕೆ ಬಹುಮಾನವಾಗಿ ಹೋದವು.

ಹಾಗೆಂದು ಗೆದ್ದ ಪಕ್ಷದವರಿಗೂ ಅವು ದಕ್ಕಲಿಲ್ಲ. ಹನ್ನೆರಡು ವರ್ಷ ತುಂಬುವುದರೊಳಗೆ ಕಂಪನಿ ಸರಕಾರವೇ ಅವುಗಳನ್ನು ವಶಪಡಿಸಿಕೊಂಡಿತು. 1839ರಲ್ಲಿ ದೇಸಾಯಿ ತೀರಿಕೊಂಡ ಮೇಲೆ ನಿಪ್ಪಾಣಿಯೂ ಕಂಪನಿಗೆ ಸೇರಿತು. ಇಬ್ಬರು ಸಮಬಲರಿದ್ದಾಗ ಮಾತ್ರ ನಡುವಿನವನಿಗೆ ಬೆಲೆ. ಒಬ್ಬನೇ ಬಲಿಷ್ಠನಾದಾಗ ಪಕ್ಷ ಬದಲಿಸಲು ಇನ್ನೊಂದು ಪಕ್ಷವೇ ಉಳಿಯಲಿಲ್ಲ.

ದೇಸಾಯಿಯನ್ನು ದ್ರೋಹಿಯೆಂದು ಜರೆಯುವುದು ಸುಲಭ. ಆದರೆ ಚಿಕ್ಕೋಡಿಯ ರೈತನನ್ನೂ ನೆನೆಯಬೇಕು. ಕೊಲ್ಹಾಪುರ, ನಿಪ್ಪಾಣಿ, ಮರಳಿ ಕೊಲ್ಹಾಪುರ, ಕೊನೆಗೆ ಕಂಪನಿ: ಒಂದೇ ಆಯುಷ್ಯದಲ್ಲಿ ಇಷ್ಟು ಧಣಿಗಳಿಗೆ ಅವನು ಕಂದಾಯ ತೆತ್ತನು. ಇಂಗ್ಲೆಂಡಿನಲ್ಲಿ ಮತದ ಹಕ್ಕು ಕೆಲವರಿಗಷ್ಟೇ ಇದ್ದರೂ 1784ರ ಚುನಾವಣೆಯಲ್ಲಿ ಫಾಕ್ಸನ ಕಡೆಯವರು ಅನೇಕರು ಸೋತು ಮನೆಗೆ ಹೋದರು. ನಮ್ಮ ರೈತನಿಗೆ ಅಂಥ ಒಂದು ದಿನವೂ ಬರಲಿಲ್ಲ. ಧಣಿ ಯಾರಾಗಬೇಕೆಂದು ಅವನನ್ನು ಯಾರೂ ಕೇಳಲಿಲ್ಲ.