ಆ ರಸ್ತೆ ಖಾಲಿ ಇರ್ಲಿಲ್ಲ | ಕ್ಯಾಮೆರಾ ಕಥೆ 7

ಮೊದಲು ಫೋಟೋ ನೋಡಿ, ಆಮೇಲೆ ಓದಿ. 👀

ಇದು 1838ರ ಪ್ಯಾರಿಸ್. ರಸ್ತೆಯ ಹೆಸರು ಬುಲ್ವಾರ್ ದ್ಯು ಟಾಂಪ್ಲ್. ಲೂಯಿ ದಗೇರ್ ತಮ್ಮ ಸ್ಟುಡಿಯೋ ಕಿಟಕಿಯಿಂದ ತೆಗೆದಿದ್ದು. ಮರಗಳಿವೆ, ಕಟ್ಟಡಗಳಿವೆ, ಅಗಲವಾದ ರಸ್ತೆ ಇದೆ. ಜನ ಮಾತ್ರ ಇಲ್ಲ. ಕರ್ಫ್ಯೂ ಹಾಕಿದ್ರಾ ಅನ್ನಿಸುತ್ತೆ ಅಲ್ವಾ?

ನಿಜ ಏನಂದ್ರೆ, ಅದು ಸಾಲು ಸಾಲು ನಾಟಕಶಾಲೆಗಳಿದ್ದ, ಗಾಡಿ, ಕುದುರೆ, ಜನರಿಂದ ಗಿಜಿಗುಡುತ್ತಿದ್ದ ರಸ್ತೆ. ಆದರೆ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಓಡಾಡ್ತಿದ್ದವರು ಯಾರೂ ಒಂದೇ ಜಾಗದಲ್ಲಿ ಅಷ್ಟು ಹೊತ್ತು ಇರಲಿಲ್ಲ. ಎಲ್ಲರೂ ಅಳಿಸಿಹೋದ್ರು.

ಈಗ ಎಡಗಡೆ ಕೆಳಗೆ ಜೂಮ್ ಮಾಡಿ. ಒಬ್ಬ ಕಾಲು ಮೇಲಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ತಿದ್ದಾನೆ. ಪಕ್ಕದಲ್ಲಿ ಮಸುಕಾಗಿ ಪಾಲಿಶ್ ಮಾಡುವವನು. ಟೆಲಿಗ್ರಾಫ್ ಖ್ಯಾತಿಯ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಈ ಚಿತ್ರ ನೋಡಿ, ತಮ್ಮನಿಗೆ ಬರೆದ ಪತ್ರದಲ್ಲಿ ಇದನ್ನೇ ವಿವರಿಸಿದ್ರು. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರು ಇವರೇ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಆಮೇಲೆ ಎಲ್ಲರದ್ದೂ ಒಂದೇ ಹಟ: ಈ ಸಮಯ ಕಡಿಮೆ ಮಾಡಬೇಕು. 1851ರ ಕೊಲೋಡಿಯನ್ ವಿಧಾನದಲ್ಲಿ ಅದು ಸೆಕೆಂಡುಗಳಿಗೆ ಇಳೀತು. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಹಿಡಿದುಬಿಟ್ರು.

ತಮಾಷೆ ನೋಡಿ. ಅಷ್ಟು ಕಷ್ಟಪಟ್ಟು ಕಡಿಮೆ ಮಾಡಿದ ಸಮಯವನ್ನ ನಾವೀಗ ದುಡ್ಡು ಕೊಟ್ಟು ಹೆಚ್ಚಿಸ್ಕೊಳ್ತೀವಿ. ಅದೇ ಎನ್‌ಡಿ ಫಿಲ್ಟರ್. ಲೆನ್ಸ್ ಮುಂದೆ ಹಾಕುವ ಬೂದು ಗಾಜು. ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಮ್ಮಿ ಒಂದೇ ಸಮ ತಡೆಯುತ್ತೆ. ಬಿಕಾಂನವರಿಗೆ ಸುಲಭ, ಡಿಪ್ರಿಸಿಯೇಷನ್ ಲೆಕ್ಕದ ಥರ: ಪ್ರತಿ ಸ್ಟಾಪ್‌ಗೂ ಉಳಿದ ಬೆಳಕು ಅರ್ಧ. 10 ಸ್ಟಾಪ್ ಅಂದ್ರೆ ಸುಮಾರು ಸಾವಿರದಲ್ಲಿ ಒಂದು ಪಾಲು. 1/60 ಸೆಕೆಂಡಿನ ಫೋಟೋಗೆ ಈಗ 17 ಸೆಕೆಂಡು ಬೇಕು. ಜಲಪಾತ ರೇಷ್ಮೆ ಆಗುತ್ತೆ, ಮಾರ್ಕೆಟ್‌ನಲ್ಲಿ ನಡೆದು ಹೋಗುವವರು ಹೊಗೆ ಆಗ್ತಾರೆ.

ದಗೇರ್‌ಗೆ ಬೇರೆ ದಾರಿ ಇರ್ಲಿಲ್ಲ. ನಮಗಿದೆ. "ಕ್ಲೀನ್ ಫ್ರೇಮ್" ಬೇಕು ಅಂತ ಜನರನ್ನ ಅಳಿಸೋದು ನಮ್ಮದೇ ಆಯ್ಕೆ. ಹಾಗಾಗಿ ಫಿಲ್ಟರ್ ಹಾಕುವ ಮೊದಲು ಅದೇ ಜಾಗದ ಒಂದು ಮಾಮೂಲಿ ಫೋಟೋನೂ ತೆಗೆದಿಟ್ಕೊಳ್ಳಿ. 180 ವರ್ಷ ಆದಮೇಲೆ ನೋಡುವವರಿಗೆ ಅಲ್ಲಿ ಯಾರಿದ್ರು ಅನ್ನೋದೂ ಗೊತ್ತಾಗ್ಲಿ.

ಎನ್‌ಡಿ ಇರೋ ಫ್ರೆಂಡ್‌ನ ಟ್ಯಾಗ್ ಮಾಡಿ 👇

#ಕ್ಯಾಮೆರಾಕಥೆ #ಎನ್‌ಡಿಫಿಲ್ಟರ್ #ಫೋಟೋಇತಿಹಾಸ