ಧಾರೆ ಮತ್ತು ಎಳ್ಳುನೀರು: ಎರಡು ನುಡಿಗಟ್ಟುಗಳ ವಿಚಾರ

ನಿತ್ಯ ವ್ಯವಹಾರದ ಎಷ್ಟೋ ನುಡಿಗಟ್ಟುಗಳಲ್ಲಿ ಹಿಂದಿನವರ ಆಚಾರಗಳು ಅಡಗಿವೆ. ‘ಶಾಲೆಗಾಗಿ ಬಾಳನ್ನೇ ಧಾರೆಯೆರೆದರು’ ಎನ್ನುತ್ತೇವೆ. ‘ಆ ಆಸೆಗೆ ಎಳ್ಳುನೀರು ಬಿಟ್ಟೆ’ ಎಂದೂ ಹೇಳುತ್ತೇವೆ. ಎರಡರಲ್ಲಿಯೂ ನೀರಿದೆ, ತ್ಯಾಗವಿದೆ. ಆದರೆ ಅರ್ಥ ಒಂದೇ ಅಲ್ಲ.

ದಾನ ಕೊಡುವವನು ಪಡೆಯುವವನ ಕೈಗೆ ನೀರೆರೆಯುವುದು ಪ್ರಾಚೀನ ಪದ್ಧತಿ. ನೀರು ಬಿದ್ದೊಡನೆ ದಾನಿಯ ಹಕ್ಕು ತೀರಿತು. 11-12ನೆಯ ಶತಮಾನಗಳ ಕನ್ನಡ ದಾನಶಾಸನಗಳಲ್ಲಿ ‘ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ ಬಿಟ್ಟ’ ಎಂಬ ಒಕ್ಕಣೆ ಪದೇ ಪದೇ ಬರುತ್ತದೆ. ಪಡೆಯುವವರ ಕಾಲು ತೊಳೆದು, ನೀರೆರೆದು ಕೊಟ್ಟರೆಂದು ಅರ್ಥ. ಸೊಲ್ಲಾಪುರ ಸೀಮೆಯಲ್ಲಿಯೂ, 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ ಸೀಮೆಯಲ್ಲಿಯೂ ಆ ಕಾಲದ ಕನ್ನಡ ಶಾಸನಗಳು ದೊರೆತಿವೆ. ಮದುವೆಯ ‘ಧಾರೆ’ಯೂ ಇದೇ ವಿಧಿಯ ರೂಪ.

ಎಳ್ಳುನೀರು ಪಿತೃತರ್ಪಣಕ್ಕೆ ಸಂಬಂಧಿಸಿದ್ದು. ಅಗಲಿದವರಿಗೆ ಬಿಡುವ ನೀರಾದ್ದರಿಂದ, ಒಂದು ವಿಷಯ ಸತ್ತಿತೆಂದು ಕೈಬಿಡುವುದಕ್ಕೆ ಈ ಮಾತು ಸಂದಿತು. ಮರಾಠಿಯವರು ‘ತಿಲಾಂಜಲಿ ದೇಣೆ’ ಎನ್ನುತ್ತಾರೆ. ತೆಲುಗಿನವರು ‘ತಿಲೋದಕಾಲು’ ಎನ್ನುತ್ತಾರೆ. ಇಲ್ಲಿ ಯಾರು ಯಾರಿಂದ ಸಾಲ ಪಡೆದರೆಂಬ ತಕರಾರಿಗೆ ಎಡೆಯಿಲ್ಲ. ವಿಧಿಯೇ ಮೂವರಿಗೂ ಸಮಾನ. ಅವರು ಸಂಸ್ಕೃತ ಶಬ್ದವನ್ನು ಉಳಿಸಿಕೊಂಡರು, ಕನ್ನಡವು ಎಳ್ಳು, ನೀರು ಎಂಬ ಮನೆಮಾತನ್ನೇ ಬಳಸಿತು.

ಎರಡಕ್ಕೂ ‘ತ್ಯಾಗಮಾಡು’ ಎಂದು ಒಂದೇ ಅರ್ಥ ಬರೆಯಿಸಿದರೆ ಮಕ್ಕಳಿಗೆ ಈ ಭೇದ ತಿಳಿಯದು. ಧಾರೆಯೆರೆದದ್ದು ಇನ್ನೊಬ್ಬರ ಕೈಯಲ್ಲಿ ಬಾಳುತ್ತದೆ. ಎಳ್ಳುನೀರು ಬಿಟ್ಟದ್ದು ಅಲ್ಲಿಗೇ ಮುಗಿಯುತ್ತದೆ. ಗಡಿನಾಡಿನ ಶಾಲೆಗಳಲ್ಲಿ ಕನ್ನಡವನ್ನು ಮುಂದಿನವರಿಗೆ ಧಾರೆಯೆರೆಯಬೇಕಾದ ಉಪಾಧ್ಯಾಯರು ಈ ಭೇದವನ್ನು ಪಾಠದಲ್ಲಿ ಬಿಡಿಸಿ ಹೇಳುವುದು ಅಗತ್ಯ.